ಹೀಲ್ಸ್ ಬಾಳಿಕೆ ಬರಬೇಕೆಂದರೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾರ್ಮೆಲ್ ಬೈ ದ ಸೀ ಎಂಬ ಪುಟ್ಟ ಊರಿದೆ. ಎರಡು ಇಂಚಿಗಿಂತ ಎತ್ತರವಾಗಿದ್ದು, ತುದಿ ಒಂದು ಚದರ ಇಂಚಿಗಿಂತ ಸಣ್ಣದಾಗಿರುವ ಹೀಲ್ಸ್ ತೊಟ್ಟು ಅಲ್ಲಿನ ಬೀದಿಗಳಲ್ಲಿ ಓಡಾಡಲು ನಗರಾಡಳಿತದ ಪರವಾನಗಿ ಬೇಕು! 1963ರ ನಿಯಮವಿದು. ಮರದ ಬೇರುಗಳು ಎಬ್ಬಿಸಿದ ಕಾಲುದಾರಿಯಲ್ಲಿ ಎಡವಿ ಬಿದ್ದವರು ದಾವೆ ಹೂಡಿಯಾರು ಎಂಬ ಭಯದಿಂದ ಮಾಡಿದ್ದು. ಬೇರು ಎತ್ತಿದ ಚಪ್ಪಡಿ, ಚಪ್ಪಡಿಗಳ ನಡುವಿನ ಸಂದು ಎಂದರೇನೆಂದು ಜಯನಗರ, ಮಲ್ಲೇಶ್ವರದ ಫುಟ್‌ಪಾತಿನಲ್ಲಿ ನಡೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ. ಸಂದಿಗೆ ಸಿಕ್ಕಿಕೊಂಡ ಹೀಲನ್ನು ಜಗ್ಗಿ ಎಳೆದಾಗಲೇ ಅದರ ಮೇಲಿನ ತೆಳು ಹೊದಿಕೆ ಕಿತ್ತು ಬರುವುದು.

ಆ ಪುಟ್ಟ ತುದಿ ಹೊರುವ ಭಾರ ಸಣ್ಣದಲ್ಲ. 60 ಕೆ.ಜಿ. ತೂಕದ ಮಹಿಳೆ ಹೆಜ್ಜೆ ಊರುವಾಗ ಮೈಭಾರದ ಬಹುಪಾಲು ಒಂದು ಕ್ಷಣ ಒಂದೇ ಹಿಮ್ಮಡಿಯ ಮೇಲೆ ಬೀಳುತ್ತದೆ. ಪೆನ್ಸಿಲ್ ಹೀಲಿನ ತುದಿಯ ವಿಸ್ತೀರ್ಣ ಹೆಚ್ಚುಕಡಿಮೆ ಒಂದು ಚದರ ಸೆಂಟಿಮೀಟರ್. ನಿಂತ ಆನೆಯ ಪಾದದಡಿ ಅಷ್ಟೇ ಜಾಗಕ್ಕೆ ಬೀಳುವ ಭಾರ ಒಂದು ಕೆ.ಜಿ.ಯ ಆಸುಪಾಸು. ಪುರಾತನ ಕಲ್ಲುಗಳು ಹಾಳಾಗುತ್ತವೆಂದು 2009ರಲ್ಲಿ ಗ್ರೀಸ್ ತನ್ನ ಪ್ರಾಚೀನ ಸ್ಮಾರಕಗಳಲ್ಲಿ ಇಂಥ ಹೀಲ್ಸ್ ನಿಷೇಧಿಸಿದ್ದರಲ್ಲಿ ಅತಿಶಯವೇನೂ ಇಲ್ಲ.

ಇಷ್ಟು ಭಾರ ತಡೆಯುವುದು ಒಳಗಿನ ಉಕ್ಕು. ಇಟಲಿಯ ಸಾಲ್ವಟೋರೆ ಫೆರ್ರಗಾಮೊ ಲಾಸ್ ಏಂಜಲೀಸ್‌ನಲ್ಲಿ ಚಲನಚಿತ್ರ ನಟಿಯರಿಗೆ ಪಾದರಕ್ಷೆ ಮಾಡುತ್ತಿದ್ದಾಗ, ಪಾದದ ರಚನೆ ತಿಳಿಯಲೆಂದು ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಓದಿದ. ಅಂಗಾಲಿನ ಕಮಾನಿಗೆ ಆಧಾರ ಬೇಕೆಂದು ಕಂಡುಕೊಂಡು ಅಟ್ಟೆಯೊಳಗೆ ಉಕ್ಕಿನ ಪಟ್ಟಿ ಕೂರಿಸಿದ. ಈ ಪಟ್ಟಿಗೆ ಶ್ಯಾಂಕ್ ಎನ್ನುತ್ತಾರೆ. ತೆಳು ಹೀಲಿನ ಪ್ಲಾಸ್ಟಿಕ್ಕಿನ ನಡುವೆಯೂ ಒಂದು ಉಕ್ಕಿನ ಕಡ್ಡಿ ಇರುತ್ತದೆ. ಶ್ಯಾಂಕ್ ಮುರಿದರೆ ರಿಪೇರಿ ಬಲು ಕಷ್ಟ. ಹಾಗಾಗಿ ಕೊಳ್ಳುವ ಮುನ್ನ ಜೋಡಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಬೆರಳಿನಿಂದ ತಟ್ಟಿ ನೋಡಬೇಕು. ತುದಿ ಪೂರ್ತಿ ಮೇಜಿಗೆ ಕೂರದಿದ್ದರೆ, ಅಥವಾ ಅಲುಗಾಟ ನಿಲ್ಲದಿದ್ದರೆ ಅದು ಬೇಡ.

ಸವೆಯಲೆಂದೇ ಇಟ್ಟ ಭಾಗ ಒಂದೇ: ಹೀಲಿನ ತುದಿಗೆ ಬಡಿದಿರುವ ರಬ್ಬರ್ ಅಥವಾ ಪ್ಲಾಸ್ಟಿಕ್ಕಿನ ಬಿಲ್ಲೆ. ಅದು ಇರುವವರೆಗೆ ಹೆಜ್ಜೆಯ ಸದ್ದು ಮೆತ್ತಗಿರುತ್ತದೆ. ಗ್ರಾನೈಟ್ ನೆಲದ ಮೇಲೆ ಲೋಹ ತಾಗುವ ಚುರುಕು ಸದ್ದು ಕೇಳಿಸಿತೆಂದರೆ ಬಿಲ್ಲೆ ಸವೆದು ಮೊಳೆ ಹೊರಬಂದಿದೆ ಎಂದರ್ಥ. ಅಂದೇ ಬದಲಾಯಿಸಬೇಕು. ರಸ್ತೆ ಬದಿ ಕೂರುವ ಚಪ್ಪಲಿ ರಿಪೇರಿಯವರು ಇಕ್ಕಳದಿಂದ ಹಳೆಯದನ್ನು ಮೊಳೆಸಮೇತ ಕಿತ್ತು, ಹೊಸದನ್ನು ಬಡಿದು ಕೂರಿಸಿ, ಅಂಚು ಉಜ್ಜಿ ಕೊಡುತ್ತಾರೆ. ಸಾವಿರಾರು ರೂಪಾಯಿಯ ಜೋಡಿಯನ್ನು ಉಳಿಸುವ ಈ ಕೈಚಳಕಕ್ಕೆ ನಾವು ಕೊಡುವ ಕೂಲಿ ತೀರಾ ಕಡಿಮೆ, ಕೊಡುವ ಮರ್ಯಾದೆ ಇನ್ನೂ ಕಡಿಮೆ. ತಡಮಾಡಿದರೆ ಪ್ಲಾಸ್ಟಿಕ್ಕೇ ಸವೆದು ಹೊಸ ಬಿಲ್ಲೆ ಹಿಡಿಯುವುದಿಲ್ಲ. ಆಗ ಇಡೀ ಹೀಲನ್ನೇ ಬದಲಾಯಿಸಬೇಕು. ಒಂದೇ ಕಾಲಿನದ್ದು ಸವೆದಿದ್ದರೂ ಎರಡಕ್ಕೂ ಹೊಸದು ಹಾಕಿಸಬೇಕು, ಇಲ್ಲದಿದ್ದರೆ ಎತ್ತರ ಹೆಚ್ಚುಕಡಿಮೆಯಾಗಿ ನಡಿಗೆ ವಾಲುತ್ತದೆ.

ಅಟ್ಟೆ ಚರ್ಮದ್ದಾದರೆ ಮುಂಗಾಲಿನಡಿ ತೆಳು ರಬ್ಬರ್ ಪದರ ಅಂಟಿಸಿಕೊಂಡರೆ ಜಾರುವುದು ತಪ್ಪುತ್ತದೆ. ಕ್ಷಣದಲ್ಲಿ ಹಿಡಿಯುವ ಟ್ಯೂಬಿನ ಅಂಟನ್ನು ಮನೆಯಲ್ಲೇ ಹಾಕುವುದು ಬೇಡ. ಒಣಗಿದ ಮೇಲೆ ಅದು ಗಡುಸಾಗುತ್ತದೆ, ಬಾಗುವ ಅಟ್ಟೆಯಲ್ಲಿ ಬೇಗ ಬಿರಿಯುತ್ತದೆ. ರಿಪೇರಿಯವರು ಬಳಸುವ ಸೊಲ್ಯೂಷನ್ ಬಾಗಿಬಳುಕುವಂಥದ್ದು. ಅದನ್ನು ಎರಡೂ ಕಡೆ ಸವರಿ, ಸ್ವಲ್ಪ ಆರಲು ಬಿಟ್ಟು ಆಮೇಲೆ ಒತ್ತುತ್ತಾರೆ.

ಬಸ್ಸು, ಮೆಟ್ರೊದಲ್ಲಿ ಹೋಗುವ ಎಷ್ಟೋ ಮಹಿಳೆಯರು ದಾರಿಗೆ ಸಾದಾ ಚಪ್ಪಲಿ ಮೆಟ್ಟಿ ಆಫೀಸಿನಲ್ಲಿ ಹೀಲ್ಸ್ ಹಾಕಿಕೊಳ್ಳುತ್ತಾರೆ. ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕಾರು ಓಡಿಸುವವರಿಗೂ ಇದೇ ಸರಿ: ಪೆಡಲ್ ಒತ್ತುವಾಗ ಬಲಗಾಲಿನ ಹಿಮ್ಮಡಿಯ ಹಿಂಬದಿ ಮ್ಯಾಟಿಗೆ ಉಜ್ಜಿ ಹೊದಿಕೆ ಸವೆಯುತ್ತದೆ, ಪೆಡಲಿನ ಮೇಲೆ ಹಿಡಿತವೂ ಕಡಿಮೆ. ಮಳೆಗೆ ನೆಂದರೆ ಒಳಗೆ ಕಾಗದ ತುರುಕಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ.

ಕರಾವಳಿ, ಮಲೆನಾಡಿನ ಕಥೆಯೇ ಬೇರೆ. ಮಳೆಗಾಲದಲ್ಲಿ ಚರ್ಮಕ್ಕೆ ಬೂಸರು ಹಿಡಿಯುವುದು ಕಣ್ಣಿಗೆ ಕಾಣುತ್ತದೆ, ಒರೆಸಿದರೆ ಹೋದೀತು. ಕಾಣದ ಹಾನಿ ಪಾಲಿಯುರೆಥೇನ್ ಅಟ್ಟೆಯದ್ದು. ಗಾಳಿಯ ತೇವ ಅದರ ಅಣುಬಂಧಗಳನ್ನು ನಿಧಾನಕ್ಕೆ ಕಡಿಯುತ್ತಾ ಹೋಗುತ್ತದೆ. ಮದುವೆಗೆಂದು ವರ್ಷಗಟ್ಟಲೆ ಎತ್ತಿಟ್ಟ ಜೋಡಿ ಆರತಕ್ಷತೆಯ ದಿನ ಕಾಲಡಿಯಲ್ಲೇ ಪುಡಿಯಾಗುವುದು ಇದರಿಂದಲೇ. ಪ್ಲಾಸ್ಟಿಕ್ ಚೀಲ ಬಿಟ್ಟು ಬಟ್ಟೆ ಚೀಲದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು ಆಗಾಗ ಹೊರತೆಗೆದು ಗಾಳಿಗಿಟ್ಟರೆ ಆ ಕೆಡುಕು ತಡವಾಗುತ್ತದೆ. ಅಟ್ಟೆ ಪುಡಿಯಾದರೂ ಮೇಲಿನ ಚರ್ಮ ಗಟ್ಟಿಯಿದ್ದರೆ ಬಹಳಷ್ಟು ಸಲ ಹೊಸ ಅಟ್ಟೆ ಹಾಕಿಸಬಹುದು. ರೆಕ್ಸಿನ್ ಪದರ ಪದರವಾಗಿ ಏಳತೊಡಗಿದರೆ ಮಾತ್ರ ಯಾವ ರಿಪೇರಿಯವರ ಬಳಿಯೂ ಅದಕ್ಕೆ ಮದ್ದಿಲ್ಲ.