ಬುದ್ಧ ವಂದನೆ (ಸಾಮೂಹಿಕ ಸಭೆ)

ಬುದ್ಧ ವಂದನೆ ಎಂಬುದು ಬೌದ್ಧ ಗೃಹಸ್ಥರು ನಿಗದಿತ ದಿನಗಳಲ್ಲಿ ಒಂದೆಡೆ ಸೇರಿ ಪಾಲಿ ಗಾಥೆಗಳನ್ನು ಒಟ್ಟಾಗಿ ಪಠಿಸುವ, ಧಮ್ಮಗ್ರಂಥವೊಂದರ ಭಾಗವನ್ನು ಓದುವ ಹಾಗೂ ಓದಿದುದನ್ನು ಕುರಿತು ಚರ್ಚಿಸುವ ಸಭೆ. ಗಾಥೆಗಳ ಪಠಣಕ್ಕೆ ಮಾತ್ರವಲ್ಲದೆ ಇಡೀ ಸಭೆಗೂ ಇದೇ ಹೆಸರು ಬಳಕೆಯಲ್ಲಿದೆ. ಕರ್ನಾಟಕದಲ್ಲಿ ಇಂತಹ ಸಭೆಗಳು ಬೆಂಗಳೂರು, ಕಲಬುರಗಿ ಮೊದಲಾದ ನಗರಗಳ ವಿಹಾರಗಳಲ್ಲಿ ನಡೆಯುತ್ತವೆ. ವಿಹಾರವಿಲ್ಲದ ಊರುಗಳಲ್ಲಿ ಸಮುದಾಯ ಭವನ, ಅಂಬೇಡ್ಕರ್ ಭವನ ಅಥವಾ ಮನೆಯ ಅಂಗಳವೇ ಸಭಾಸ್ಥಾನವಾಗುತ್ತದೆ. ಸಭೆಯನ್ನು ನಡೆಸಲು ಪುರೋಹಿತರಾಗಲಿ ಭಿಕ್ಖುವಾಗಲಿ ಇರಲೇಬೇಕೆಂಬ ನಿಯಮವಿಲ್ಲ. ಗಾಥೆಗಳನ್ನು ಬಲ್ಲ ಯಾವುದೇ ಉಪಾಸಕ ಅಥವಾ ಉಪಾಸಿಕೆ ಅದನ್ನು ನಡೆಸಬಹುದು. ಜಾತಿವ್ಯವಸ್ಥೆಯನ್ನು ತೊರೆದು ಬೌದ್ಧಧರ್ಮವನ್ನು ಸ್ವೀಕರಿಸಿದ ಕುಟುಂಬಗಳಿಗೆ ಈ ಸಭೆಯು ವಿಶೇಷ ಮಹತ್ವ ಪಡೆದಿರುವುದಕ್ಕೆ ಇದು ಮುಖ್ಯ ಕಾರಣ.

ಹಿನ್ನೆಲೆ

ಸಾಮೂಹಿಕ ಸಭೆಯ ಮೂಲವನ್ನು ಬೌದ್ಧರ ಉಪೋಸಥ ಆಚರಣೆಯಲ್ಲಿ ಕಾಣಬಹುದು. ವಿನಯಪಿಟಕದ ಮಹಾವಗ್ಗದಲ್ಲಿ ಇದರ ಆರಂಭದ ಕಥೆ ಬರುತ್ತದೆ. ಅನ್ಯಪಂಥಗಳ ಪರಿವ್ರಾಜಕರು ಪಕ್ಷದ 8, 14 ಮತ್ತು 15ನೆಯ ದಿನಗಳಲ್ಲಿ ಸೇರಿ ತಮ್ಮ ಧರ್ಮವನ್ನು ಬೋಧಿಸುತ್ತಿದ್ದರು. ಬುದ್ಧನ ಭಿಕ್ಖುಗಳೂ ಹಾಗೆ ಸೇರಿದರೆ ಒಳಿತೆಂದು ಮಗಧದ ದೊರೆ ಬಿಂಬಿಸಾರನು ಸೂಚಿಸಿದನು. ಬುದ್ಧನು ಅದಕ್ಕೆ ಒಪ್ಪಿದನು. ಆದರೆ ಮೊದಮೊದಲು ಭಿಕ್ಖುಗಳು ಸೇರಿ ಸುಮ್ಮನೆ ಕುಳಿತಿರುತ್ತಿದ್ದರು. ಕೇಳಲು ಬಂದ ಜನರು ಅಸಮಾಧಾನಗೊಂಡು, ಸೇರಿದ ಮೇಲೆ ಧರ್ಮವನ್ನು ನುಡಿಯಬಾರದೇ ಎಂದು ಆಕ್ಷೇಪಿಸಿದರು. ಆ ಬಳಿಕ ಸಭೆಯಲ್ಲಿ ಧಮ್ಮವನ್ನು ಹೇಳಲು ಬುದ್ಧನು ಅನುಮತಿ ನೀಡಿದನು. ಧಮ್ಮಸಭೆಯ ಸ್ವರೂಪವನ್ನು ರೂಪಿಸುವುದರಲ್ಲಿ ಕೇಳುಗರಾದ ಸಾಮಾನ್ಯ ಜನರ ಪಾಲೂ ಇತ್ತು ಎಂಬುದನ್ನು ಈ ಕಥೆ ತಿಳಿಸುತ್ತದೆ.

ಒಟ್ಟಾಗಿ ಪಠಿಸುವ ಪದ್ಧತಿಗೆ ಇನ್ನೊಂದು ಕಾರಣವೂ ಇದೆ. ಬುದ್ಧನ ಉಪದೇಶಗಳು ಶತಮಾನಗಳ ಕಾಲ ಬರಹರೂಪಕ್ಕೆ ಬರಲಿಲ್ಲ. ಅವುಗಳನ್ನು ಗುಂಪಾಗಿ ಪಠಿಸಿ ನೆನಪಿನಲ್ಲಿ ಉಳಿಸಿಕೊಳ್ಳಲಾಗುತ್ತಿತ್ತು. ಹಲವರು ಏಕಕಂಠದಿಂದ ಹೇಳುವಾಗ ಒಬ್ಬನ ತಪ್ಪನ್ನು ಉಳಿದವರ ದನಿಯೇ ತಿದ್ದುತ್ತದೆ. ಬೌದ್ಧ ಮಹಾಸಭೆಗಳನ್ನು ‘ಸಂಗೀತಿ’ ಎಂದು ಕರೆಯುವುದೂ ಇದರಿಂದಲೇ. ಆ ಪದದ ಅರ್ಥ ಒಟ್ಟಾಗಿ ಪಠಿಸುವುದು.

ಗೃಹಸ್ಥರೂ ಧಮ್ಮವನ್ನು ಅಭ್ಯಸಿಸಬೇಕೆಂಬುದಕ್ಕೆ ಪ್ರಾಚೀನ ಆಧಾರವಾಗಿ ಅಶೋಕನ ಬೈರಾಟ್ ಶಾಸನವನ್ನು ಉಲ್ಲೇಖಿಸಲಾಗುತ್ತದೆ. ಇಂದಿನ ರಾಜಸ್ಥಾನದಲ್ಲಿ ದೊರೆತ ಈ ಶಾಸನದಲ್ಲಿ ಅಶೋಕನು ಏಳು ಧಮ್ಮಪಾಠಗಳನ್ನು ಹೆಸರಿಸಿದ್ದಾನೆ. ಭಿಕ್ಖು, ಭಿಕ್ಖುಣಿಯರಂತೆಯೇ ಉಪಾಸಕ, ಉಪಾಸಿಕೆಯರೂ ಅವುಗಳನ್ನು ಮತ್ತೆ ಮತ್ತೆ ಕೇಳಿ ಮನನ ಮಾಡಬೇಕೆಂದು ಅದರಲ್ಲಿ ಆಶಿಸಿದ್ದಾನೆ.

ಕರ್ನಾಟಕದ ಪ್ರಾಚೀನ ಕುರುಹುಗಳು

ಮಸ್ಕಿ, ಕೊಪ್ಪಳ, ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳಿವೆ. ತಾನು ಉಪಾಸಕನಾಗಿದ್ದು ಬಳಿಕ ಸಂಘಕ್ಕೆ ಹತ್ತಿರವಾದ ಸಂಗತಿಯನ್ನು ಅಶೋಕನು ಅವುಗಳಲ್ಲಿ ತಿಳಿಸಿದ್ದಾನೆ. ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಮಹಾಸ್ತೂಪದ ಅವಶೇಷಗಳು ದೊರೆತಿವೆ. ಮಂಗಳೂರಿನ ಕದ್ರಿಯ ಲೋಕೇಶ್ವರ ಕಂಚಿನ ವಿಗ್ರಹದ ಪೀಠದಲ್ಲಿರುವ ಶಾಸನವು ಕ್ರಿ.ಶ. 968ರದು. ಗದಗ ಜಿಲ್ಲೆಯ ಡಂಬಳದ 1095ರ ಶಾಸನವು ಅಲ್ಲಿನ ಬೌದ್ಧ ವಿಹಾರವನ್ನು ಉಲ್ಲೇಖಿಸುತ್ತದೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟವು ಈ ದೃಷ್ಟಿಯಿಂದ ಮುಖ್ಯವಾದ ನೆಲೆ. ಮೈಸೂರು ವಿಶ್ವವಿದ್ಯಾನಿಲಯದ ಪುರಾತತ್ತ್ವಜ್ಞರು 2001ರಲ್ಲಿ ಇಲ್ಲಿ ಆರಂಭಿಸಿದ ಉತ್ಖನನದಲ್ಲಿ ಚೈತ್ಯ ಮತ್ತು ವಿಹಾರಗಳ ಇಟ್ಟಿಗೆಯ ತಳಪಾಯಗಳು ಹಾಗೂ ಹರಕೆಯಾಗಿ ಅರ್ಪಿಸಿದ ಮಣ್ಣಿನ ಪುಟ್ಟ ಸ್ತೂಪಗಳು ಹೇರಳವಾಗಿ ದೊರೆತವು. ಈ ಸ್ತೂಪಗಳೊಳಗೆ ಅಕ್ಷರಗಳನ್ನು ಒತ್ತಿದ ಸಣ್ಣ ಮಣ್ಣಿನ ಬಿಲ್ಲೆಗಳನ್ನು ಇರಿಸಲಾಗಿತ್ತು. ಎಲ್ಲವೂ ಕಾರಣದಿಂದ ಹುಟ್ಟುತ್ತವೆ, ಆ ಕಾರಣವನ್ನೂ ಅದರ ನಿರೋಧವನ್ನೂ ತಥಾಗತನು ತಿಳಿಸಿದ್ದಾನೆ ಎಂಬ ಅರ್ಥದ ಪ್ರಸಿದ್ಧ ಗಾಥೆ ಅವುಗಳಲ್ಲಿದೆ. ವಿಹಾರವು ಭಿಕ್ಖುಗಳ ವಾಸಸ್ಥಾನವಾದರೆ ಚೈತ್ಯವು ಜನರು ಸೇರಿ ವಂದಿಸುವ ಸ್ಥಳ. ಹೀಗಾಗಿ ಈ ಪ್ರದೇಶದಲ್ಲಿ ಸಾವಿರ ವರ್ಷಗಳಿಗೂ ಹಿಂದೆಯೇ ಸಾಮೂಹಿಕ ಬೌದ್ಧ ವಂದನೆ ನಡೆಯುತ್ತಿತ್ತೆಂಬುದಕ್ಕೆ ರಾಜಘಟ್ಟವು ಸಾಕ್ಷಿಯಾಗಿದೆ. ಆ ಪರಂಪರೆ ಇಂದಿನವರೆಗೆ ಅವಿಚ್ಛಿನ್ನವಾಗಿ ಹರಿದುಬಂದಿಲ್ಲ. ಈಗ ನಡೆಯುವ ಸಭೆಗಳು 20ನೇ ಶತಮಾನದ ಪುನರಾರಂಭದ ಫಲ.

ಆಧುನಿಕ ಕಾಲದಲ್ಲಿ ಪುನರಾರಂಭ

1956ನೇ ಇಸವಿಯು ಬೌದ್ಧರ 2500ನೇ ಬುದ್ಧ ಜಯಂತಿಯ ವರ್ಷವಾಗಿತ್ತು. ಅದೇ ವರ್ಷ ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನಲ್ಲಿ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದರು. ಗಾಂಧಿನಗರದಲ್ಲಿರುವ ಅದರ ವಿಹಾರವು ಥೇರವಾದ ಪದ್ಧತಿಯ ಪೂಜೆ, ಧ್ಯಾನ ಮತ್ತು ಧಮ್ಮೋಪದೇಶಗಳ ಕೇಂದ್ರವಾಯಿತು.

1956ರ ಅಕ್ಟೋಬರ್ 14ರಂದು ಡಾ. ಬಿ. ಆರ್. ಅಂಬೇಡ್ಕರ್ ಅವರು ನಾಗಪುರದಲ್ಲಿ ಭಿಕ್ಖು ಚಂದ್ರಮಣಿಯವರಿಂದ ತ್ರಿಸರಣ ಹಾಗೂ ಪಂಚಸೀಲಗಳನ್ನು ಸ್ವೀಕರಿಸಿದರು. ಬಳಿಕ ಲಕ್ಷಾಂತರ ಅನುಯಾಯಿಗಳಿಗೆ ತಾವೇ ಧಮ್ಮದೀಕ್ಷೆ ನೀಡಿ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದು, ಬ್ರಾಹ್ಮಣ ಪುರೋಹಿತರಿಂದ ಸಂಸ್ಕಾರಗಳನ್ನು ಮಾಡಿಸದಿರುವುದು ಈ ಪ್ರತಿಜ್ಞೆಗಳಲ್ಲಿ ಸೇರಿವೆ. ಹಳೆಯ ಆಚರಣೆಗಳನ್ನು ಬಿಟ್ಟವರಿಗೆ ಹೊಸ ಆಚರಣೆಯ ಕ್ರಮವೊಂದು ಬೇಕಾಗಿತ್ತು. ಇದನ್ನು ಮನಗಂಡಿದ್ದ ಅಂಬೇಡ್ಕರರು ‘ಬೌದ್ಧ ಪೂಜಾ ಪಾಠ’ ಎಂಬ ಕಿರುಪುಸ್ತಕವನ್ನು ಸಂಕಲಿಸಿದರು. 1955ರಲ್ಲಿ ಅವರು ಸ್ಥಾಪಿಸಿದ್ದ ಭಾರತೀಯ ಬೌದ್ಧ ಮಹಾಸಭಾ ಈ ಕಾರ್ಯವನ್ನು ಮುಂದುವರಿಸಿತು. ಕರ್ನಾಟಕದಲ್ಲಿ ಅಂಬೇಡ್ಕರ್ ಪ್ರೇರಿತ ಬೌದ್ಧಧರ್ಮವು ಕಲಬುರಗಿ, ಬೀದರ್ ಭಾಗಗಳಲ್ಲಿ ಹೆಚ್ಚಾಗಿ ನೆಲೆಯೂರಿದೆ. ಕಲಬುರಗಿಯ ಬುದ್ಧ ವಿಹಾರವನ್ನು 2009ರ ಜನವರಿಯಲ್ಲಿ ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರು ಉದ್ಘಾಟಿಸಿದರು.

ಸಭೆಯ ಕ್ರಮ

ಸಭೆಯು ಸಾಮಾನ್ಯವಾಗಿ ವಂದನೆ, ಅಧ್ಯಯನ ಮತ್ತು ಚರ್ಚೆ ಎಂಬ ಮೂರು ಭಾಗಗಳಲ್ಲಿ ನಡೆಯುತ್ತದೆ. ವಿವರಗಳಲ್ಲಿ ಊರಿಂದೂರಿಗೆ ವ್ಯತ್ಯಾಸಗಳಿವೆ.

ವಂದನೆ: ಬುದ್ಧನ ಪ್ರತಿಮೆ ಅಥವಾ ಚಿತ್ರದ ಮುಂದೆ ಹೂವು, ದೀಪ ಮತ್ತು ಊದುಬತ್ತಿಗಳನ್ನು ಅರ್ಪಿಸಲಾಗುತ್ತದೆ. ಅಂಬೇಡ್ಕರ್‌ವಾದಿ ಸಭೆಗಳಲ್ಲಿ ಬಾಬಾಸಾಹೇಬರ ಭಾವಚಿತ್ರವನ್ನೂ ಇರಿಸುತ್ತಾರೆ. ಹಲವರು ಬಿಳಿಯ ಉಡುಪು ಧರಿಸುತ್ತಾರೆ. ಮೊದಲಿಗೆ ಬುದ್ಧನಿಗೆ ಮೂರು ಬಾರಿ ನಮಸ್ಕಾರ, ಅನಂತರ ಬುದ್ಧ, ಧಮ್ಮ, ಸಂಘಗಳಿಗೆ ಶರಣು ಹೋಗುವ ತ್ರಿಸರಣ, ಬಳಿಕ ಪಂಚಸೀಲ ನಡೆಯುತ್ತವೆ. ಪ್ರಾಣಿಹತ್ಯೆ, ಕೊಡದಿರುವುದನ್ನು ತೆಗೆದುಕೊಳ್ಳುವುದು, ಕಾಮದಲ್ಲಿ ಅನಾಚಾರ, ಸುಳ್ಳು ಮತ್ತು ಮಾದಕ ಪದಾರ್ಥಗಳ ಸೇವನೆ ಇವುಗಳಿಂದ ದೂರವಿರುವ ಸಂಕಲ್ಪವೇ ಪಂಚಸೀಲ. ಇವು ಮೇಲಿನಿಂದ ಬಂದ ಆಜ್ಞೆಗಳಲ್ಲ, ಪಠಿಸುವವರು ತಾವಾಗಿಯೇ ಕೈಗೊಳ್ಳುವ ಶಿಕ್ಷಣದ ನಿಯಮಗಳು. ಮುಂದೆ ತ್ರಿರತ್ನಗಳ ಗುಣಸ್ಮರಣೆ ಮತ್ತು ಮಂಗಲ ಸುತ್ತ, ಕರಣೀಯ ಮೆತ್ತ ಸುತ್ತ ಮೊದಲಾದವುಗಳ ಪಠಣವಿರುತ್ತದೆ.

ಪಾಲಿ ಭಾಷೆಗೆ ತನ್ನದೇ ಆದ ಲಿಪಿಯಿಲ್ಲ. ಆಯಾ ದೇಶದ ಲಿಪಿಯಲ್ಲಿಯೇ ಅದನ್ನು ಬರೆಯುವುದು ವಾಡಿಕೆ. ಕನ್ನಡ ಲಿಪಿಯಲ್ಲಿ ಮಹಾಪ್ರಾಣಗಳೂ ಳಕಾರವೂ ಇರುವುದರಿಂದ ಪಾಲಿಯ ಉಚ್ಚಾರಣೆಯನ್ನು ಅದರಲ್ಲಿ ಯಥಾವತ್ತಾಗಿ ಬರೆಯಲು ಸಾಧ್ಯ. ‘ಧರ್ಮ’ವು ‘ಧಮ್ಮ’, ‘ಶೀಲ’ವು ‘ಸೀಲ’, ‘ಸೂತ್ರ’ವು ‘ಸುತ್ತ’ ಆಗುವ ಕ್ರಮವನ್ನು ಗಮನಿಸಿದರೆ ಕನ್ನಡಿಗರಿಗೆ ಹಲವು ಪದಗಳ ಅರ್ಥ ಸುಲಭವಾಗಿ ತಿಳಿಯುತ್ತದೆ. ಅರ್ಥವರಿಯದೆ ಪಠಿಸುವುದನ್ನು ತಪ್ಪಿಸಲು ಗಾಥೆಗಳ ಕನ್ನಡ ಭಾವಾರ್ಥವನ್ನೂ ಓದುವುದುಂಟು.

ಅಧ್ಯಯನ: ಅಂಬೇಡ್ಕರರ ‘ದಿ ಬುದ್ಧ ಅಂಡ್ ಹಿಸ್ ಧಮ್ಮ’ (1957) ಗ್ರಂಥದ ಕನ್ನಡ ಅನುವಾದವು ಹೆಚ್ಚು ಬಳಕೆಯಲ್ಲಿದೆ. ಎಂಟು ಸಂಪುಟಗಳಾಗಿ ವಿಂಗಡಿಸಿದ ಈ ಕೃತಿಯ ವಾಕ್ಯಗಳಿಗೆ ಕ್ರಮಸಂಖ್ಯೆ ನೀಡಿರುವುದರಿಂದ ಸಭೆಯಿಂದ ಸಭೆಗೆ ಸ್ವಲ್ಪ ಸ್ವಲ್ಪವಾಗಿ ಓದಲು ಅನುಕೂಲ. ಧಮ್ಮಪದವನ್ನೂ ಓದಲಾಗುತ್ತದೆ. ಪಾಲಿ ಸಾಹಿತ್ಯವನ್ನು ಆಧುನಿಕ ಕನ್ನಡಕ್ಕೆ ಪರಿಚಯಿಸಿದವರಲ್ಲಿ ಜಿ. ಪಿ. ರಾಜರತ್ನಂ ಪ್ರಮುಖರು.

ಚರ್ಚೆ: ಓದಿದ ಭಾಗದ ಬಗ್ಗೆ ಪ್ರಶ್ನೆ ಕೇಳುವುದು ಸಭೆಯ ಅಂಗವೇ ಹೊರತು ಅವಿಧೇಯತೆಯಲ್ಲ. ಪರಂಪರೆಯಿಂದ ಬಂದಿದೆ ಎಂದಾಗಲಿ, ಗ್ರಂಥದಲ್ಲಿದೆ ಎಂದಾಗಲಿ, ಗುರುವು ಹೇಳಿದ್ದಾನೆ ಎಂದಾಗಲಿ ಒಪ್ಪದೆ, ಸ್ವತಃ ಪರೀಕ್ಷಿಸಿ ಹಿತವೆಂದು ಕಂಡುದನ್ನು ಸ್ವೀಕರಿಸಬೇಕೆಂದು ಬುದ್ಧನು ಕೇಸಪುತ್ತದ ಕಾಲಾಮರಿಗೆ ಹೇಳಿದ ಉಪದೇಶವು ಇದಕ್ಕೆ ಆಧಾರ. ‘ಮಿಲಿಂದ ಪಞ್ಹ’ ಗ್ರಂಥದಲ್ಲಿ ನಾಗಸೇನನು ಪಂಡಿತರ ಸಂವಾದಕ್ಕೂ ಅರಸರ ಸಂವಾದಕ್ಕೂ ಇರುವ ಭೇದವನ್ನು ವಿವರಿಸುತ್ತಾನೆ. ಪಂಡಿತರು ತಮ್ಮ ಮಾತು ಖಂಡಿತವಾದರೂ ಕೋಪಿಸಿಕೊಳ್ಳುವುದಿಲ್ಲ, ಅರಸರು ಭಿನ್ನಮತೀಯನಿಗೆ ದಂಡನೆ ವಿಧಿಸುತ್ತಾರೆ. ಪಂಡಿತರಂತೆ ಮಾತನಾಡುವುದಾದರೆ ಮಾತ್ರ ಚರ್ಚೆಗೆ ಸಿದ್ಧನೆಂದು ಆತನು ಮಿಲಿಂದ ದೊರೆಗೆ ತಿಳಿಸುತ್ತಾನೆ.

ಚರ್ಚೆಗೆ ಉತ್ತಮ ಉದಾಹರಣೆ ಸಿದ್ಧಾರ್ಥನ ಗೃಹತ್ಯಾಗದ ಪ್ರಸಂಗ. ರೋಗಿ, ವೃದ್ಧ, ಶವ ಮತ್ತು ಸಂನ್ಯಾಸಿಯನ್ನು ಕಂಡು ಆತನು ಮನೆ ತೊರೆದನೆಂಬುದು ಪ್ರಚಲಿತ ಕಥೆ. 29 ವರ್ಷದವರೆಗೆ ಒಬ್ಬನು ಇವನ್ನು ಕಾಣದಿರಲು ಸಾಧ್ಯವೇ ಎಂದು ಅಂಬೇಡ್ಕರರು ಪ್ರಶ್ನಿಸುತ್ತಾರೆ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಉಂಟಾದ ವಿವಾದದಲ್ಲಿ ಯುದ್ಧವನ್ನು ವಿರೋಧಿಸಿದುದೇ ಗೃಹತ್ಯಾಗಕ್ಕೆ ಕಾರಣವೆಂದು ಅವರು ನಿರೂಪಿಸಿದ್ದಾರೆ. ಎರಡು ನಿರೂಪಣೆಗಳನ್ನೂ ಎದುರಿಗಿಟ್ಟುಕೊಂಡು ವಿಚಾರಿಸುವಾಗ, ದುಃಖದ ಮೂಲ ವ್ಯಕ್ತಿಯ ಮನಸ್ಸಿನಲ್ಲಿದೆಯೇ ಸಮಾಜದ ವ್ಯವಸ್ಥೆಯಲ್ಲಿದೆಯೇ ಎಂಬ ಮೂಲಭೂತ ಪ್ರಶ್ನೆ ಎದುರಾಗುತ್ತದೆ.

ಸಭೆಯು ಸಕಲ ಜೀವಿಗಳಿಗೂ ಒಳಿತನ್ನು ಬಯಸುವ ಮೆತ್ತ ಭಾವನೆಯೊಂದಿಗೆ ಮುಕ್ತಾಯವಾಗುತ್ತದೆ. ‘ನಮೋ ಬುದ್ಧಾಯ’, ‘ಜೈ ಭೀಮ್’ ಎಂದು ಪರಸ್ಪರ ವಂದಿಸಿ ಜನರು ತೆರಳುತ್ತಾರೆ.

ಸಭೆಯ ದಿನಗಳು

ಹುಣ್ಣಿಮೆಯು ಸಾಂಪ್ರದಾಯಿಕ ಸಭೆಯ ದಿನ. ಅಂದು ಕೆಲವರು ಅಷ್ಟಸೀಲಗಳನ್ನು ಪಾಲಿಸುತ್ತಾರೆ. ನೌಕರರಿಗೂ ಕೂಲಿಕಾರ್ಮಿಕರಿಗೂ ಬಿಡುವಿರುವ ಕಾರಣ ಭಾನುವಾರದ ವಂದನೆಯೂ ರೂಢಿಗೆ ಬಂದಿದೆ. ವೈಶಾಖ ಹುಣ್ಣಿಮೆ, ಅಂಬೇಡ್ಕರ್ ಜಯಂತಿ (ಏಪ್ರಿಲ್ 14), ಧಮ್ಮದೀಕ್ಷೆಯ ದಿನ (ಅಕ್ಟೋಬರ್ 14) ಹಾಗೂ ಅಂಬೇಡ್ಕರರ ಪರಿನಿಬ್ಬಾಣ ದಿನ (ಡಿಸೆಂಬರ್ 6) ವಿಶೇಷ ಸಭೆಗಳ ದಿನಗಳು. ಆಷಾಢ ಹುಣ್ಣಿಮೆಯಿಂದ ಆಶ್ವಯುಜ ಹುಣ್ಣಿಮೆಯವರೆಗಿನ ಮೂರು ತಿಂಗಳ ವರ್ಷಾವಾಸದಲ್ಲಿ ಗ್ರಂಥಪಠಣವನ್ನು ಕ್ರಮವಾಗಿ ನಡೆಸುವ ವಾಡಿಕೆಯಿದೆ.

ಇತರ ಬೌದ್ಧ ಪರಂಪರೆಗಳು

ರಾಜ್ಯದಲ್ಲಿ ಬೌದ್ಧರ ಇತರ ಪರಂಪರೆಗಳೂ ತಮ್ಮದೇ ರೀತಿಯಲ್ಲಿ ಸೇರುತ್ತವೆ. ಬೈಲಕುಪ್ಪೆಯ ಸೆರಾ ಹಾಗೂ ಮುಂಡಗೋಡಿನ ಡ್ರೆಪುಂಗ್ ಮತ್ತು ಗಾಂದೆನ್ ಟಿಬೆಟನ್ ವಿಹಾರಗಳಲ್ಲಿ ವಾದವು ಶಿಕ್ಷಣದ ಮುಖ್ಯ ಅಂಗ. ಅಲ್ಲಿ ಉತ್ತರಿಸುವವನು ಕುಳಿತಿರುತ್ತಾನೆ, ಪ್ರಶ್ನಿಸುವವನು ನಿಂತು ಚಪ್ಪಾಳೆ ತಟ್ಟಿ ಪ್ರಶ್ನೆಯನ್ನು ಮುಂದಿಡುತ್ತಾನೆ. ನೆಲಮಂಗಲದ ಕಡೆಗೆ ಹೋಗುವ ತುಮಕೂರು ರಸ್ತೆಯ ಸಮೀಪದ ಆಲೂರಿನಲ್ಲಿ ಎಸ್. ಎನ್. ಗೋಯೆಂಕಾ ಪರಂಪರೆಯ ‘ಧಮ್ಮ ಪಫುಲ್ಲ’ ವಿಪಶ್ಯನ ಕೇಂದ್ರವಿದೆ. ಈ ಪರಂಪರೆಯಲ್ಲಿ 10 ದಿನಗಳ ಶಿಬಿರ ಮುಗಿಸಿದವರು ಸೇರಿ ಮೌನವಾಗಿ ಧ್ಯಾನ ಮಾಡುತ್ತಾರೆ. ಜಪಾನಿನ ನಿಚಿರೆನ್ (1222–1282) ಪರಂಪರೆಗೆ ಸೇರಿದ ಸೋಕಾ ಗಕ್ಕಾಯ್ ಸದಸ್ಯರು ಮನೆಗಳಲ್ಲಿ ಸೇರಿ ಸದ್ಧರ್ಮಪುಂಡರೀಕ ಸೂತ್ರದ ಭಾಗಗಳನ್ನೂ ಅದರ ನಾಮವನ್ನೂ ಜಪಿಸಿ, ತಮ್ಮ ಬದುಕಿನ ಅನುಭವಗಳನ್ನು ಹಂಚಿಕೊಳ್ಳುತ್ತಾರೆ.

ಸಾಮಾಜಿಕ ಮಹತ್ವ

ದೇವಾಲಯ ಪ್ರವೇಶವನ್ನು ನಿರಾಕರಿಸಲಾಗಿದ್ದ ಸಮುದಾಯಗಳಿಗೆ, ಯಾರ ಅನುಮತಿಯೂ ಇಲ್ಲದೆ ಸೇರಬಹುದಾದ ಹಾಗೂ ತಾವೇ ಮುಂದಾಳಾಗಬಹುದಾದ ಧಾರ್ಮಿಕ ಸಭೆಯು ದೊಡ್ಡ ಬದಲಾವಣೆಯೇ ಸರಿ. ಇಲ್ಲಿ ಮಹಿಳೆಯರೂ ವಂದನೆಯನ್ನು ಹೇಳಿಕೊಡಬಹುದು, ಮಕ್ಕಳೂ ಪ್ರಶ್ನೆ ಕೇಳಬಹುದು. ನಾಮಕರಣ, ಮದುವೆ, ಗೃಹಪ್ರವೇಶ ಮತ್ತು ಅಂತ್ಯಸಂಸ್ಕಾರಗಳಲ್ಲಿಯೂ ಇದೇ ತ್ರಿಸರಣ, ಪಂಚಸೀಲಗಳು ಬಳಕೆಯಾಗುತ್ತವೆ. ಸಭೆಯಲ್ಲಿ ಗಾಥೆಗಳನ್ನು ಕಲಿತವರಿದ್ದರೆ ಕುಟುಂಬವು ಇಂತಹ ಸಂದರ್ಭಗಳಲ್ಲಿ ಹಳೆಯ ಪುರೋಹಿತ ಪದ್ಧತಿಗೆ ಮರಳಬೇಕಾಗುವುದಿಲ್ಲ. ದೀಕ್ಷೆಯು ಒಂದು ದಿನದ ಘಟನೆ, ಅದನ್ನು ನಿತ್ಯಜೀವನದಲ್ಲಿ ಉಳಿಸಿಕೊಳ್ಳಲು ಇಂತಹ ಸಭೆಗಳು ನೆರವಾಗುತ್ತವೆ.

ಜನಗಣತಿ ಮತ್ತು ಕಾನೂನು

ಕರ್ನಾಟಕದ ಬೌದ್ಧರ ಸಂಖ್ಯೆ 2001ರ ಜನಗಣತಿಯಲ್ಲಿ 3,93,300 ಇದ್ದು, 2011ರಲ್ಲಿ 95,710 ಎಂದು ದಾಖಲಾಯಿತು. ಜನಗಣತಿಯು ಧರ್ಮದ ಅಂಕಣದಲ್ಲಿ ಬರೆಸಿದುದನ್ನು ಮಾತ್ರ ಎಣಿಸುತ್ತದೆ. ವಂದನೆಗೆ ಬರುತ್ತಿದ್ದರೂ ದಾಖಲೆಯಲ್ಲಿ ಬೇರೆ ಧರ್ಮವನ್ನು ಬರೆಸಿದವರು ಈ ಲೆಕ್ಕಕ್ಕೆ ಸೇರುವುದಿಲ್ಲ.

ಬೌದ್ಧರಾದರೆ ಪರಿಶಿಷ್ಟ ಜಾತಿಯ ಮೀಸಲಾತಿ ತಪ್ಪುತ್ತದೆ ಎಂಬ ಕಲ್ಪನೆಯುಂಟು. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶಕ್ಕೆ 1990ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಪರಿಶಿಷ್ಟ ಜಾತಿಗೆ ಸೇರಿದವರು ಬೌದ್ಧರಾದರೂ ಆ ಸ್ಥಾನಮಾನಕ್ಕೆ ಅರ್ಹರಾಗಿರುತ್ತಾರೆ. ವಿವಾಹದ ವಿಷಯದಲ್ಲಿ 1955ರ ಹಿಂದೂ ವಿವಾಹ ಅಧಿನಿಯಮವು ಬೌದ್ಧರಿಗೂ ಅನ್ವಯಿಸುತ್ತದೆ.