ನಿಮಗಿದು ಗೊತ್ತೆ?: ಹದಿನೈದೂವರೆ ವರ್ಷದ ಲೆಫ್ಟಿನೆಂಟ್

ಮೆಚ್ಚಿದ ಧಾರಾವಾಹಿಯ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳೇ ಹೊಸ ಕಥೆ ಹೆಣೆಯುವುದು ಫ್ಯಾನ್ ಫಿಕ್ಷನ್. ಬರೆದವರೇ ವೇಷ ಮರೆಸಿಕೊಂಡು ಆ ಕಥೆಯೊಳಗೆ ನುಸುಳಿ, ಎಲ್ಲರಿಗಿಂತ ಚೆಲುವೆ, ಎಲ್ಲರಿಗಿಂತ ಜಾಣೆ ಎನಿಸಿಕೊಂಡರೆ ಆ ಪಾತ್ರಕ್ಕೆ ‘ಮೇರಿ ಸೂ’ ಎನ್ನುತ್ತಾರೆ.

ಇವಳು ಹುಟ್ಟಿದ್ದು 1973ರಲ್ಲಿ, ಅಮೆರಿಕದಲ್ಲಿ. ‘ಸ್ಟಾರ್ ಟ್ರೆಕ್’ ಎಂಬ ಬಾಹ್ಯಾಕಾಶ ಧಾರಾವಾಹಿಯ ಅಭಿಮಾನಿಗಳ ಇಂಥ ಕಥೆಗಳನ್ನು ಓದಿ ಓದಿ ಬೇಸತ್ತ ಪೌಲಾ ಸ್ಮಿತ್, ‘ಮೆನಾಜರಿ’ ಎಂಬ ಅಭಿಮಾನಿ ಪತ್ರಿಕೆಯಲ್ಲಿ ಪುಟ್ಟದೊಂದು ಅಣಕುಗಥೆ ಬರೆದರು. ನಾಯಕಿ ಲೆಫ್ಟಿನೆಂಟ್ ಮೇರಿ ಸೂ. ವಯಸ್ಸು ಬರೀ ಹದಿನೈದೂವರೆ! ಧಾರಾವಾಹಿಯ ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್ ಕರ್ಕ್ ಅವಳನ್ನು ಕಂಡ ತಕ್ಷಣ ಮನಸೋಲುತ್ತಾನೆ. ಹಿರಿಯ ಅಧಿಕಾರಿಗಳೆಲ್ಲ ಕಾಯಿಲೆ ಬಿದ್ದಾಗ ನೌಕೆ ನಡೆಸುವವಳೂ ಅವಳೇ. ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬೇರೆ! ಕಡೆಗೆ ಅವಳು ಸಾಯುತ್ತಾಳೆ, ಎಲ್ಲರೂ ಗೊಳೋ ಎನ್ನುತ್ತಾರೆ, ಅವಳ ಹುಟ್ಟುಹಬ್ಬ ನೌಕೆಗೆ ರಜಾದಿನವಾಗುತ್ತದೆ. ಇಷ್ಟೆಲ್ಲ ಮುಗಿಯುವುದು ಕೆಲವೇ ಪ್ಯಾರಾಗಳಲ್ಲಿ.

ಸಮರ್ಥ ನಾಯಕಿಯರನ್ನೆಲ್ಲ ಮೇರಿ ಸೂ ಎಂದು ಹಂಗಿಸುವುದು ಸರಿಯಲ್ಲ ಎಂಬ ಆಕ್ಷೇಪವೂ ಉಂಟು. ಎಲ್ಲ ಬಲ್ಲ, ಎಲ್ಲರನ್ನೂ ಬಡಿದು ಹಾಕುವ ಗಂಡು ನಾಯಕ ತೆರೆಗೆ ಬಂದರೆ ನಾವು ಶಿಳ್ಳೆ ಹೊಡೆಯುತ್ತೇವಲ್ಲ! ಹಾಗೆಂದು ಗಂಡು ಪಾತ್ರಗಳೂ ಪೂರ್ತಿ ಪಾರಾಗಿಲ್ಲ. ಅಂಥವನಿಗೆ ‘ಗ್ಯಾರಿ ಸ್ಟೂ’ ಎಂಬ ಹೆಸರಿದೆ.