ಟೈರಿಗೂ ವಯಸ್ಸಾಗುತ್ತದೆ, ನಿಂತ ಕಾರಿನ ಟೈರಿಗೂ

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ತಯಾರಿ ಜೋರು. ಮಾಡಿನ ಹಂಚು ಸರಿ ಮಾಡಿಸಬೇಕು, ಸೌದೆ ಒಳಗೆ ಹಾಕಬೇಕು, ಮಕ್ಕಳಿಗೆ ಕೊಡೆ, ರೈನ್‌ಕೋಟ್ ತರಬೇಕು. ಕಾರು ಇರುವ ಮನೆಯಲ್ಲಿ ಹೆಚ್ಚೆಂದರೆ ವೈಪರ್ ಬ್ಲೇಡ್ ಬದಲಾಗುತ್ತದೆ. ಬಗ್ಗಿ ಟೈರ್ ನೋಡುವವರು ಕಡಿಮೆ. ನೋಡಿದರೂ ನಮ್ಮದು ಒಂದೇ ಪ್ರಶ್ನೆ: "ಗ್ರಿಪ್ ಉಂಟಾ?" ಉಂಟು ಎಂದಾದರೆ ಅಲ್ಲಿಗೆ ಮಾತು ಮುಗಿಯಿತು.

ಆದರೆ ದಿನಾ ಘಾಟಿ ಹತ್ತಿ ಇಳಿಯುವ ಟ್ಯಾಕ್ಸಿ ಚಾಲಕರನ್ನು, ಗಲ್ಫಿನಲ್ಲಿ ವರ್ಷಗಟ್ಟಲೆ ಸ್ಟೇರಿಂಗ್ ಹಿಡಿದು ಬಂದವರನ್ನು ನಾವು ಮಾತಾಡಿಸಿದಾಗ ಅವರು ಮೊದಲು ಕೇಳಿದ್ದು ಬೇರೆಯೇ ಪ್ರಶ್ನೆ: "ಟೈರ್ ಯಾವ ಇಸವಿಯದ್ದು?" ನಮ್ಮಲ್ಲಿ ಹೆಚ್ಚಿನವರಿಗೆ ಇದಕ್ಕೆ ಉತ್ತರ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯ ಬೇರೆಯವರಿಗಿಂತ ನಮ್ಮ ಮನೆಗಳಿಗೇ ಹೆಚ್ಚು. ಯಾಕೆಂದು ಮುಂದೆ ನೋಡೋಣ.

ಶೆಡ್ಡಿನಲ್ಲಿ ನಿಂತ ಕಾರು

ಮನೆಯ ಗಂಡಸರು ದುಬೈಯಲ್ಲೋ ಜುಬೈಲಿನಲ್ಲೋ ಇರುತ್ತಾರೆ. ಕಾರು ಊರಲ್ಲಿ ಇರುತ್ತದೆ. ಆಸ್ಪತ್ರೆಗೆ, ಮದುವೆಗೆ, ಮಕ್ಕಳನ್ನು ಶಾಲೆಗೆ ಬಿಡಲು ಎಂದು ತಿಂಗಳಿಗೆ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದರೆ ಹೆಚ್ಚು. ಉಳಿದಂತೆ ಶೆಡ್ಡಿನಲ್ಲಿ ಕವರ್ ಹೊದ್ದು ನಿಂತಿರುತ್ತದೆ. ಏಳೆಂಟು ವರ್ಷ ಕಳೆದರೂ ಟೈರಿನ ಗೆರೆಗಳು ಹೊಸತರ ಹಾಗೆಯೇ ಕಾಣುತ್ತವೆ. ರಜೆಯಲ್ಲಿ ಯಜಮಾನರು ಬಂದಾಗ ಅದೇ ಕಾರಿನಲ್ಲಿ ಉಮ್ಮ, ಹೆಂಡತಿ, ಮಕ್ಕಳು ಎಲ್ಲರೂ ತುಂಬಿಕೊಂಡು ಮಡಿಕೇರಿಗೋ ಬೆಂಗಳೂರಿಗೋ ಹೊರಡುವುದು. ರಜೆ ಸಿಗುವುದು ಜೂನ್, ಜುಲೈಯಲ್ಲಾದರೆ ಆಗ ಇಲ್ಲಿ ಜಡಿಮಳೆ.

ಆ್ಯಕ್ಟಿಂಗ್ ಡ್ರೈವರ್ ಆಗಿ ದುಡಿಯುವ ಒಬ್ಬರು ಇಂಥದ್ದೇ ಒಂದು ಮನೆಯ ಅನುಭವ ಹೇಳಿದರು. ಬೆಂಗಳೂರಿಗೆ ಹೋಗಲು ಕರೆದಿದ್ದರು. ಕಾರು ಓಡಿದ್ದು ಬರೀ 22 ಸಾವಿರ ಕಿಲೋಮೀಟರ್. ಟೈರ್ ನೋಡಿದರೆ ಎಂಟು ವರ್ಷ ಹಳತು. ಇದರಲ್ಲಿ ಶಿರಾಡಿ ಹತ್ತಲಿಕ್ಕೆ ನನ್ನಿಂದಾಗದು ಎಂದರಂತೆ ಇವರು. "ಹೊಸತರ ಹಾಗೆ ಉಂಟಲ್ಲಾ ಮಾರಾಯ" ಎಂದು ಮನೆಯ ಹಿರಿಯರಿಗೆ ಬೇಸರ. ಕೊನೆಗೆ ಜಾಕ್ ಹಾಕಿ ಚಕ್ರ ಬಿಚ್ಚಿ ತೋರಿಸಿದರು. ಪಕ್ಕದ ಗೋಡೆಯಲ್ಲಿ, ಗೆರೆಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು. ಉಗುರು ಒತ್ತಿದರೆ ರಬ್ಬರ್ ಒಳಗೆ ಹೋಗುವುದೇ ಇಲ್ಲ, ಮರದ ಹಾಗೆ ಗಟ್ಟಿ. ಆ ದಿನದ ಪ್ರಯಾಣ ಒಂದು ದಿನ ಮುಂದೆ ಹೋಯಿತು, ನಾಲ್ಕು ಹೊಸ ಟೈರ್ ಬಂತು.

ಅವರು ಅಷ್ಟು ಹಟ ಮಾಡಿದ್ದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಇಂಥದ್ದೇ ಟೈರಿನ ಕಾರನ್ನು ಮಳೆಯಲ್ಲಿ ಘಾಟಿ ಇಳಿಸುವಾಗ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ತಿರುಗದೆ ನೇರ ಜಾರಿತ್ತು. ಎದುರಿನಿಂದ ಬಸ್ಸು ಲಾರಿ ಬರುತ್ತಿರಲಿಲ್ಲ, ಅಷ್ಟೇ. "ಗೆರೆ ಇತ್ತು, ಆದರೆ ಹಿಡಿತ ಇರಲಿಲ್ಲ" ಎನ್ನುತ್ತಾರೆ ಅವರು.

ಇದಕ್ಕೆ ಕಾರಣ ಸರಳ. ರಬ್ಬರ್ ಬಿಸಿಲು, ಗಾಳಿ, ಶಾಖಕ್ಕೆ ಒಣಗಿ ಗಟ್ಟಿಯಾಗುತ್ತದೆ. ಹಾಗಾಗದಂತೆ ತಡೆಯಲು ಕಂಪೆನಿಯವರು ರಬ್ಬರಿನಲ್ಲೇ ಮೇಣದಂಥ ಪದಾರ್ಥ ಬೆರೆಸಿರುತ್ತಾರೆ. ಟೈರ್ ಉರುಳಿ ಬಾಗುತ್ತಾ ಇದ್ದರೆ ಆ ಮೇಣ ಮೇಲ್ಮೈಗೆ ಬಂದು ರಕ್ಷಣೆ ಕೊಡುತ್ತದೆ. ನಿಂತೇ ಇದ್ದರೆ ಅದು ಸರಿಯಾಗಿ ಬರುವುದಿಲ್ಲ. ಹಾಗಾಗಿ ಓಡದ ಕಾರಿನ ಟೈರ್ ಸವೆಯದೆ ಉಳಿಯಬಹುದು, ಆದರೆ ಹಳತಾಗದೆ ಉಳಿಯುವುದಿಲ್ಲ.

'ಆಲ್ ಸೀಸನ್' ಅಂದರೆ ಯಾವ ಸೀಸನ್?

ಹೊಸ ಟೈರ್ ಕೊಳ್ಳಲು ಹೋದರೆ ಕಿವಿಗೆ ಬೀಳುವ ಪದಗಳು ಎರಡು: ಆಲ್ ಸೀಸನ್, ಟೂರಿಂಗ್. ಎಲ್ಲ ಋತುವಿಗೂ ಆಗುತ್ತದೆ ಎಂದ ಮೇಲೆ ಇನ್ನೇನು ಚಿಂತೆ ಎಂದು ನಾವು ತೆಗೆದುಕೊಂಡು ಬರುತ್ತೇವೆ.

'ಆಲ್ ಸೀಸನ್' ಎಂಬ ಹೆಸರು ಹೆಚ್ಚು ಚಾಲ್ತಿಗೆ ಬಂದದ್ದು ಅಮೆರಿಕ, ಕೆನಡಾ ಕಡೆ. ಉಷ್ಣಾಂಶ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಗೆಯ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹಾಗಾಗದೆ, ತೆಳು ಹಿಮದಲ್ಲೂ ನಡೆಯಲಿ ಎಂದು ಮಾಡಿದ್ದು ಈ ಟೈರ್. ಅದರ ಮೇಲೆ 'ಎಂ+ಎಸ್' ಎಂಬ ಗುರುತಿರುತ್ತದೆ, ಅಂದರೆ ಕೆಸರು ಮತ್ತು ಹಿಮ. ಆದರೆ ಅಲ್ಲೂ ಅದು ಎಲ್ಲ ಋತುವಿಗೆ ಸಾಕಾಗುವುದಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಇಲ್ಲದ, ಬರೀ 'ಎಂ+ಎಸ್' ಇರುವ ಟೈರಿಗೆ ಅಲ್ಲಿ ಒಪ್ಪಿಗೆ ಇಲ್ಲ. ಓದಲು, ಕೆಲಸಕ್ಕೆ ಆ ಕಡೆ ಹೋಗುವ ನಮ್ಮ ಹುಡುಗರು ಹಳೆ ಕಾರು ಕೊಳ್ಳುವ ಮುಂಚೆ ಇದನ್ನು ತಿಳಿದಿರಬೇಕು.

ನಮ್ಮ ಕರಾವಳಿಯಲ್ಲಿ ಅಂಥ ಚಳಿ ಕನಸಲ್ಲೂ ಇಲ್ಲ. ನಮ್ಮದು ಸುಡು ಬಿಸಿಲು, ಅದರ ಮೇಲೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ. ಆದ್ದರಿಂದ ನಾವು ಕೇಳಬೇಕಾದದ್ದು ಒದ್ದೆ ರಸ್ತೆಯಲ್ಲಿ ಹಿಡಿತ ಹೇಗೆ ಎಂಬುದನ್ನು.

'ಟೂರಿಂಗ್' ಎಂದರೆ ದೂರ ಪ್ರಯಾಣಕ್ಕೆ ಹೇಳಿ ಮಾಡಿಸಿದ ಟೈರ್. ಸದ್ದು ಕಡಿಮೆ, ಕುಲುಕಾಟ ಕಡಿಮೆ, ಬಾಳಿಕೆ ಹೆಚ್ಚು. ಬ್ರಿಜ್‌ಸ್ಟೋನ್‌ನ ಟುರಾಂಝಾ, ಮಿಶೆಲಿನ್‌ನ ಪ್ರೈಮಸಿ ಈ ಸಾಲಿಗೆ ಸೇರಿದವು. ದೂರದ ಬಾಡಿಗೆಗೆ ಹೋಗುವ ಚಾಲಕರು ಇಂಥ ಟೈರನ್ನು ಮೆಚ್ಚುತ್ತಾರೆ. ಬೆಂಗಳೂರಿಗೆ ಹೋಗಿ ಅದೇ ದಿನ ಬಂದರೂ ಮೈಕೈ ನೋವು ಕಡಿಮೆ, ಹಿಂದೆ ಕೂತ ವಯಸ್ಸಾದವರಿಗೂ ನಿದ್ದೆ ಬರುತ್ತದೆ ಎನ್ನುತ್ತಾರೆ. ಆದರೆ ಬಾಳಿಕೆ ಮತ್ತು ಹಿಡಿತ ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ. ಗಟ್ಟಿ ರಬ್ಬರ್ ಹೆಚ್ಚು ದೂರ ಓಡುತ್ತದೆ, ಮೆದು ರಬ್ಬರ್ ಒದ್ದೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ಒಳ್ಳೆಯ ಟೈರುಗಳು ಎರಡನ್ನೂ ಹೊಂದಿಸಲು ನೋಡುತ್ತವೆ. ಬಾಡಿಗೆ ಗಾಡಿಗೆ ಬಾಳಿಕೆಯೂ ಲೆಕ್ಕಕ್ಕೆ ಬರುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರ್ ಓಡುವ ಮನೆಯ ಕಾರಿಗೆ ಎಪ್ಪತ್ತು ಸಾವಿರದ ಬಾಳಿಕೆ ಯಾಕೆ? ಅಷ್ಟು ಓಡುವ ಮೊದಲೇ ಟೈರ್ ಮುದಿಯಾಗಿರುತ್ತದೆ. ನಮಗೆ ಬೇಕಾದದ್ದು ಮಳೆಯ ಹಿಡಿತ.

ನೀರಿನ ಮೇಲೆ ತೇಲುವ ಕಾರು

ಹೆದ್ದಾರಿ 66ರಲ್ಲಿ ಜೋರು ಮಳೆಗೆ ರಸ್ತೆ ಮೇಲೆ ನೀರು ನಿಂತಾಗ ಸ್ಟೇರಿಂಗ್ ಒಮ್ಮೆಲೇ ಹಗುರವಾದ ಅನುಭವ ಹಲವರಿಗೆ ಆಗಿರಬಹುದು. ಆಗ ಟೈರ್ ರಸ್ತೆ ಮುಟ್ಟುತ್ತಿಲ್ಲ, ನೀರಿನ ಮೇಲೆ ತೇಲುತ್ತಿದೆ ಎಂದರ್ಥ. ಟೈರಿನ ಗೆರೆಗಳು ಇರುವುದೇ ಈ ನೀರನ್ನು ಹೊರಗೆ ತಳ್ಳಲು. ಹೊಸ ಟೈರಿನಲ್ಲಿ ಗೆರೆ ಸುಮಾರು 7-8 ಮಿಲಿಮೀಟರ್ ಆಳ ಇರುತ್ತದೆ. ಕಾನೂನಿನ ಪ್ರಕಾರ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಗೆರೆಯ ಒಳಗೆ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ. ಮೇಲ್ಮೈ ಸವೆದು ಆ ದಿಣ್ಣೆಗೆ ಸಮ ಆಯಿತೆಂದರೆ ಟೈರ್ ಮುಗಿಯಿತು. ಅನುಭವಿ ಚಾಲಕರು ಅಲ್ಲಿವರೆಗೆ ಕಾಯುವುದಿಲ್ಲ. ಮೂರು ಮಿಲಿಮೀಟರಿಗೆ ಬಂದರೆ ಮಳೆಗೆ ಮುಂಚೆಯೇ ಬದಲಿಸುತ್ತಾರೆ.

ಗಾಳಿಯ ಒತ್ತಡಕ್ಕೂ ಇದಕ್ಕೂ ನೇರ ಸಂಬಂಧ ಇದೆ. 1960ರ ದಶಕದಲ್ಲಿ ನಾಸಾ ವಿಜ್ಞಾನಿಗಳು ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ ಒಂದು ಸೂತ್ರ ಕಂಡುಕೊಂಡರು. ಆ ಲೆಕ್ಕದಂತೆ ಆಳ ನೀರು ನಿಂತ ರಸ್ತೆಯಲ್ಲಿ 36 ಪಿಎಸ್‌ಐ ಗಾಳಿ ಇರುವ ಟೈರ್ ತೇಲುವುದು ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ. ಗಾಳಿ 25ಕ್ಕೆ ಇಳಿದಿದ್ದರೆ ಸುಮಾರು 83ರಲ್ಲೇ ತೇಲುತ್ತದೆ. ಸವೆದ ಟೈರ್ ಇನ್ನೂ ಬೇಗ ಹಿಡಿತ ಬಿಡಬಹುದು. ನಿಂತ ಕಾರಿನ ಟೈರಿನಿಂದ ತಿಂಗಳಿಗೆ ಒಂದೆರಡು ಪಿಎಸ್‌ಐ ಗಾಳಿ ತಾನಾಗಿಯೇ ಇಳಿಯುತ್ತದೆ. ಮೂರ್ನಾಲ್ಕು ತಿಂಗಳು ನೋಡದೆ ಬಿಟ್ಟು ನೇರ ಹೆದ್ದಾರಿಗೆ ಇಳಿಸಿದರೆ ಏನಾಗಬಹುದು, ಯೋಚಿಸಿ.

ಕಾರು ತೇಲಿದಾಗ ಬ್ರೇಕ್ ಜೋರಾಗಿ ಒತ್ತಬೇಡಿ, ಸ್ಟೇರಿಂಗ್ ಎಳೆಯಬೇಡಿ. ಆಕ್ಸಿಲರೇಟರಿನಿಂದ ಮೆಲ್ಲ ಕಾಲು ತೆಗೆದು ನೇರ ಹಿಡಿದರೆ ಟೈರ್ ಮತ್ತೆ ರಸ್ತೆ ಮುಟ್ಟುತ್ತದೆ. ಮೊದಲ ಮಳೆಯ ದಿನಗಳಲ್ಲಿ ಇನ್ನೂ ಜಾಗ್ರತೆ ಬೇಕು. ಬೇಸಗೆಯಿಡೀ ರಸ್ತೆಗೆ ಬಿದ್ದ ಆಯಿಲ್, ಧೂಳು ನೀರಿಗೆ ಸೇರಿ ಸಾಬೂನಿನ ಹಾಗೆ ಜಾರುತ್ತದೆ.

ಗಲ್ಫಿನ ಪಾಠ

ಯುಎಇಯಲ್ಲಿ ಕಾರು ಓಡಿಸಿದವರಿಗೆ ಟೈರಿನ ತಾರೀಕು ನೋಡುವ ಅಭ್ಯಾಸ ಇರುತ್ತದೆ. ಅವಧಿ ಮೀರಿದ ಟೈರಿನಲ್ಲಿ ಓಡಿಸಿದರೆ ಅಲ್ಲಿ 500 ದಿರ್ಹಂ ದಂಡ, ನಾಲ್ಕು ಬ್ಲ್ಯಾಕ್ ಪಾಯಿಂಟ್, ಮೇಲೆ ಒಂದು ವಾರ ಗಾಡಿ ಜಪ್ತಿ. ಆ ಶಾಖದಲ್ಲಿ ಹಳೆ ಟೈರ್, ಗಾಳಿ ಕಡಿಮೆ ಇರುವ ಟೈರ್ ಓಡುತ್ತಾ ಓಡುತ್ತಾ ಸಿಡಿಯುವುದನ್ನು ಕಂಡವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಲ್ಲಿ ದಂಡಕ್ಕೆ ಹೆದರಿ ನೋಡುವ ತಾರೀಕನ್ನು ಊರಿಗೆ ಬಂದಾಗ ಮನೆಯವರ ಜೀವಕ್ಕಾಗಿ ನೋಡಬಾರದೇ?

ನೋಡುವುದು ಕಷ್ಟವಲ್ಲ. ಟೈರಿನ ಪಕ್ಕದಲ್ಲಿ 'ಡಿಒಟಿ' ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ, ಅಂದರೆ ಜೂನ್ ತಿಂಗಳಲ್ಲಿ ತಯಾರಾದದ್ದು. ಈ ಅಂಕಿ ಕೆಲವೊಮ್ಮೆ ಒಳಗಿನ ಬದಿಗೆ ಬಂದಿರುತ್ತದೆ, ಹೊರಗಿನಿಂದ ಕಾಣದಿದ್ದರೆ ಅಲೈನ್‌ಮೆಂಟಿಗೆ ಹೋದಾಗ ಕೇಳಿ ನೋಡಿಸಿ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು, ಹತ್ತು ವರ್ಷದ ಟೈರ್ ಎಷ್ಟೇ ಚೆನ್ನಾಗಿ ಕಂಡರೂ ತೆಗೆಯಬೇಕು ಎನ್ನುವುದು ಮಿಶೆಲಿನ್ ಕಂಪೆನಿಯ ಸಲಹೆ. ನಮ್ಮ ಚಾಲಕರು ಅಷ್ಟು ಕಾಯುವುದಿಲ್ಲ. ಆರು ವರ್ಷಕ್ಕೆ ಬದಲಿಸುವುದು ಒಳ್ಳೆಯದು ಎನ್ನುತ್ತಾರೆ. ಸ್ಟೆಪ್ನಿಯನ್ನೂ ಮರೆಯಬೇಡಿ. ಒಮ್ಮೆಯೂ ನೆಲ ಮುಟ್ಟದ ಸ್ಟೆಪ್ನಿಗೂ ಕಾರಿನಷ್ಟೇ ವಯಸ್ಸು.

ಉಳಿತಾಯ ಮತ್ತು ಗುಜರಿ ಟೈರ್

ಸಣ್ಣ ಕಾರಿಗೂ ನಾಲ್ಕು ಟೈರ್ ಹಾಕಿಸುವುದೆಂದರೆ ಒಂದು ತಿಂಗಳ ಮನೆಖರ್ಚು ಹೋದ ಹಾಗೆ. ಹಾಗಾಗಿ ಕೆಲವರು ಸೆಕೆಂಡ್ ಹ್ಯಾಂಡ್ ಟೈರಿನ ಕಡೆ ನೋಡುತ್ತಾರೆ. ಕಪ್ಪು ಪಾಲಿಶ್ ಹಾಕಿದರೆ ಎಂಥ ಹಳೆ ಟೈರೂ ಮಿಂಚುತ್ತದೆ. ಒಳಗಿನ ನೂಲು ಸಡಿಲಾಗಿದೆಯೇ, ಪಕ್ಕದ ಗೋಡೆಗೆ ಎಲ್ಲಿ ಪೆಟ್ಟು ಬಿದ್ದಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಮಕ್ಕಳನ್ನು ಕೂರಿಸುವ ಗಾಡಿಗೆ ಅದು ಬೇಡ.

ಹಣಕ್ಕೆ ಕಷ್ಟವಾದರೆ ಈ ಸಲ ಎರಡು, ಮುಂದಿನ ಸಲ ಎರಡು ಹಾಕಿಸಿ. ಹಾಗೆ ಹಾಕಿಸುವಾಗ ಹೊಸ ಎರಡು ಹಿಂದಿನ ಚಕ್ರಕ್ಕೆ ಇರಲಿ. ಮುಂದಿನ ಚಕ್ರ ಜಾರಿದರೆ ವೇಗ ಇಳಿಸಿ ಹತೋಟಿಗೆ ತರಬಹುದು, ಹಿಂದಿನದು ಜಾರಿದರೆ ಗಾಡಿ ಸುತ್ತಿ ಬಿಡುತ್ತದೆ. ಚಂದಕ್ಕೆಂದು ಅಗಲ ಟೈರ್, ದೊಡ್ಡ ಅಲಾಯ್ ಹಾಕಿಸುವ ಹುಡುಗರೂ ಒಂದು ಮಾತು ಕೇಳಿ: ಟೈರಿನ ಮೇಲಿನ 88, 91 ಎಂಬ ಅಂಕಿ ಅದು ಹೊರುವ ಭಾರದ್ದು. 88 ಎಂದರೆ ಒಂದು ಟೈರಿಗೆ 560 ಕಿಲೋ. ಕಂಪೆನಿ ಕೊಟ್ಟದ್ದಕ್ಕಿಂತ ಕಡಿಮೆ ಅಂಕಿಯದ್ದು ಬೇಡ.

ಹೊರಡುವ ಮೊದಲು

● ಗಾಳಿ ನೋಡುವುದು ಬೆಳಗ್ಗೆ, ಟೈರ್ ತಣ್ಣಗಿರುವಾಗ. ಎಷ್ಟು ಬೇಕೆಂದು ಡ್ರೈವರ್ ಬಾಗಿಲಿನ ಬಳಿ ಅಂಟಿಸಿದ ಚೀಟಿಯಲ್ಲಿದೆ. ಮನೆಮಂದಿ ಎಲ್ಲ, ಲಗೇಜು ಸಮೇತ ಹೋಗುವುದಾದರೆ ಅದಕ್ಕೆ ಬೇರೆ ಅಂಕಿ ಇರುತ್ತದೆ.

● ಕಾರು ನಿಂತೇ ಇದ್ದರೆ ವಾರಕ್ಕೊಮ್ಮೆಯಾದರೂ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ.

● ಹೊಸ ಟೈರ್ ಹಾಕಿಸುವಾಗ ರಿಮ್ಮಿಗೆ ಏರಿಸುವ ಮುಂಚೆಯೇ ತಾರೀಕು ನೋಡಿ.

● ಪಕ್ಕದ ಗೋಡೆಗೆ ಪಂಕ್ಚರ್ ಆದರೆ, ಉಬ್ಬು ಕಂಡರೆ ರಿಪೇರಿ ಬೇಡ, ಟೈರೇ ಬದಲಿಸಿ.

● ಈಗಿನ ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲ, ಬರೀ ರಿಪೇರಿ ಕಿಟ್ ಇರುತ್ತದೆ. ನಿಮ್ಮದರಲ್ಲಿ ಯಾವುದಿದೆ ಎಂದು ಘಾಟಿ ಹತ್ತುವ ಮೊದಲೇ ನೋಡಿಕೊಳ್ಳಿ.

ಈಗ ನಮ್ಮ ಎಷ್ಟೋ ಮನೆಗಳಲ್ಲಿ ಕಾರು ಓಡಿಸುವವರು ಹೆಣ್ಣುಮಕ್ಕಳು. ಆ ನಾಲ್ಕು ಅಂಕಿ ಓದಲು ಮೆಕ್ಯಾನಿಕ್ ಬೇಕಾಗಿಲ್ಲ, ಗಂಡನೋ ಮಗನೋ ರಜೆಯಲ್ಲಿ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಇವತ್ತೇ ಓದಿ, ಫೋಟೊ ತೆಗೆದು ಗಲ್ಫಿನಲ್ಲಿರುವವರಿಗೆ ಕಳುಹಿಸಿ. ಅದರ ಅರ್ಥ ಅವರಿಗೆ ಬೇಗ ಗೊತ್ತಾಗುತ್ತದೆ.